ಗಾಣದ ಎಣ್ಣೆಗೆ ಗೂಗಲ್ ಜಾಹೀರಾತು: ಕೀವರ್ಡ್ ಆರಿಸುವುದು ಹೇಗೆ?

ಪ್ರಶ್ನೆ: ನಾನು ಚಳ್ಳಕೆರೆಯವಳು. ಬಿ.ಕಾಂ. ಮುಗಿಸಿ ಮನೆಯ ವ್ಯಾಪಾರ ನೋಡಿಕೊಳ್ಳುತ್ತಿದ್ದೇನೆ. ನಮ್ಮ ತಂದೆ ಎರಡು ಮರದ ಗಾಣ ಹಾಕಿದ್ದಾರೆ. ಶೇಂಗಾ, ಕೊಬ್ಬರಿ, ಕುಸುಬೆ, ಹುಚ್ಚೆಳ್ಳು ಎಣ್ಣೆ ತೆಗೆಯುತ್ತೇವೆ. ಊರಲ್ಲಿ ಮಾರಾಟ ಚೆನ್ನಾಗಿದೆ. ಬೆಂಗಳೂರಿಗೂ ಕಳಿಸೋಣವೆಂದು ವೆಬ್‌ಸೈಟ್ ಮಾಡಿಸಿ ಗೂಗಲ್ ಜಾಹೀರಾತು ಶುರುಮಾಡಿದೆ. 'ಎಣ್ಣೆ', 'ಆಯಿಲ್', 'ಗ್ರೌಂಡ್‌ನಟ್ ಆಯಿಲ್', 'ಹೆಲ್ದಿ ಆಯಿಲ್', 'ಕೋಲ್ಡ್ ಪ್ರೆಸ್ಡ್' ಹೀಗೆ ಹೊಳೆದ 40 ಕೀವರ್ಡ್ (ಯಾವ ಮಾತು ಹುಡುಕಿದಾಗ ಜಾಹೀರಾತು ಕಾಣಬೇಕೋ ಆ ಪದಗಳು) ಹಾಕಿದ್ದೆ. ಮೂರು ವಾರದಲ್ಲಿ 6,000 ರೂಪಾಯಿ ಖರ್ಚಾಯಿತು, 640 ಕ್ಲಿಕ್ ಬಂತು, ಆರ್ಡರ್ ಮಾತ್ರ ನಾಲ್ಕು. 5 ಲೀಟರ್ ಕ್ಯಾನ್ 1,750ಕ್ಕೆ ಮಾರಿದರೆ ಕೊರಿಯರ್ ಎಲ್ಲ ಕಳೆದು 250 ಉಳಿಯುತ್ತದೆ. 'ಇದೆಲ್ಲ ನಮ್ಮಂಥವರಿಗಲ್ಲ, ಬಿಟ್ಟುಬಿಡು' ಅಂತಾರೆ ತಂದೆ. ಕೀವರ್ಡ್ ಹೇಗೆ ಆರಿಸಬೇಕು? ಹೆಸರಾದ ಕಂಪನಿಯ ಹೆಸರನ್ನೇ ಕೀವರ್ಡ್ ಮಾಡಬಹುದೆ? ಜನ ನಿಜವಾಗಿ ಏನೆಂದು ಹುಡುಕಿದಾಗ ಜಾಹೀರಾತು ಬಂತು ಎಂದು ತೋರಿಸುವ ಸರ್ಚ್ ಟರ್ಮ್ಸ್ ಪಟ್ಟಿ ಜೊತೆಗಿಟ್ಟಿದ್ದೇನೆ.

ಉತ್ತರ: ಪಟ್ಟಿ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಅದನ್ನು ಎರಡು ಸಲ ಓದಿದೆ. ತಂದೆಯವರಿಗೆ ಮೊದಲು ಇದನ್ನು ಹೇಳಿ: ಎಣ್ಣೆ ಬೇಕಾದವರು ಗೂಗಲ್‌ನಲ್ಲಿದ್ದಾರೆ, ನಿಮ್ಮ ಪಟ್ಟಿಯಲ್ಲೇ ಇದ್ದಾರೆ. ಆದರೆ ಅವರ ಜೊತೆಗೆ ಎಣ್ಣೆ ಬೇಡದ ನೂರಾರು ಜನರನ್ನೂ ನೀವು ದುಡ್ಡು ಕೊಟ್ಟು ಅಂಗಡಿಗೆ ಕರೆಸಿದ್ದೀರಿ.

ಆ ಪಟ್ಟಿಯ ಕೆಲವು ಸಾಲು ಇಲ್ಲಿಡುತ್ತೇನೆ. 'ಶೇಂಗಾ ರೇಟ್ ಇವತ್ತು ಚಳ್ಳಕೆರೆ.' ಇವರು ರೈತರು, ಎಪಿಎಂಸಿ ಧಾರಣೆ ನೋಡಲು ಬಂದವರು. ಮಾರಲು ಶೇಂಗಾ ಇಟ್ಟುಕೊಂಡವರು ನಿಮ್ಮಲ್ಲಿ ಎಣ್ಣೆ ಕೊಳ್ಳುವುದಿಲ್ಲ. 'ಎಣ್ಣೆ ಗಾಣ ಮಷೀನ್ ಬೆಲೆ.' ಇವರು ನಿಮ್ಮ ಹಾಗೇ ಗಾಣ ಹಾಕಲು ಹೊರಟವರು. 'ಕೂದಲು ಉದುರುವುದಕ್ಕೆ ಯಾವ ಎಣ್ಣೆ', 'ಕೋಲ್ಡ್ ಪ್ರೆಸ್ಡ್ ಆಯಿಲ್ ಬೆನಿಫಿಟ್ಸ್', 'ಕೋಲ್ಡ್ ಪ್ರೆಸ್ಡ್ ಜ್ಯೂಸ್ ಬೆಂಗಳೂರು', ಕೊನೆಗೆ 'ಎಣ್ಣೆ ಸಾಂಗ್ ಕನ್ನಡ'. ನಮ್ಮ ಭಾಷೆಯಲ್ಲಿ 'ಎಣ್ಣೆ' ಎಂದರೆ ಅಡುಗೆಮನೆಯ ಎಣ್ಣೆಯೂ ಹೌದು, ಬಾಟಲಿ ಎಣ್ಣೆಯೂ ಹೌದು. ಹುಡುಗರು ಪಾರ್ಟಿ ಹಾಡು ಹುಡುಕಿದಾಗಲೂ ನಿಮ್ಮ ಜಾಹೀರಾತು ಬಂದಿದೆ, ಏನೆಂದು ನೋಡೋಣವೆಂದು ಒತ್ತಿದವರಿದ್ದಾರೆ. ಒತ್ತಿದಾಗೆಲ್ಲ ನಿಮ್ಮ ಜೇಬಿಂದ 9 ರೂಪಾಯಿ ಹೋಗಿದೆ.

ಅದೇ ಪಟ್ಟಿಯ ಕೆಳಗಿನ ಮೂಲೆಯಲ್ಲಿ ಆ ನಾಲ್ಕು ಆರ್ಡರ್ ಎಲ್ಲಿಂದ ಬಂದವು ಎಂಬುದೂ ಇದೆ, ಗಮನಿಸಿದಿರಾ? 'ಮರದ ಗಾಣದ ಶೇಂಗಾ ಎಣ್ಣೆ 5 ಲೀಟರ್' ಎಂದು ಹುಡುಕಿದವರು ಒಬ್ಬರು. 'ವುಡ್ ಪ್ರೆಸ್ಡ್ ಗ್ರೌಂಡ್‌ನಟ್ ಆಯಿಲ್ ಹೋಮ್ ಡೆಲಿವರಿ' ಎಂದವರು ಇಬ್ಬರು. 'ಗಾಣದ ಎಣ್ಣೆ ಆನ್‌ಲೈನ್' ಎಂದವರು ಒಬ್ಬರು. ಈ ಮೂರು ಮಾತಿಗೆ ಬಂದ ಒಟ್ಟು ಕ್ಲಿಕ್ 38. ನಾಲ್ಕೂ ಆರ್ಡರ್ 38 ಕ್ಲಿಕ್‌ನಲ್ಲಿ ಬಂದಿವೆ, ಉಳಿದ 600 ಕ್ಲಿಕ್‌ನಲ್ಲಿ ಒಂದೂ ಇಲ್ಲ. 38 ಸಣ್ಣ ಸಂಖ್ಯೆ, ಅದರ ಮೇಲೆ ದೊಡ್ಡ ಲೆಕ್ಕ ಹಾಕಬಾರದು ನಿಜ. ಆದರೂ ದಿಕ್ಕು ಗೊತ್ತಾಗುತ್ತದೆ.

ಈಗ ಕೀವರ್ಡ್ ಎಂದರೇನು ಎಂಬುದನ್ನು ಸರಿಮಾಡಿಕೊಳ್ಳೋಣ. ನೀವು ಕೀವರ್ಡ್ ಎಂದುಕೊಂಡು ಬರೆದಿರುವುದು ನಿಮ್ಮ ಮಾಲಿನ ಹೆಸರುಗಳು. ಗಿರಾಕಿ ಟೈಪ್ ಮಾಡುವುದು ಅವನ ಅಗತ್ಯವನ್ನು. ನಿಮ್ಮ ಗಾಣದ ಮುಂದೆ ಬಂದು ನಿಂತವರು ಬಾಯಿಬಿಟ್ಟು ಏನು ಕೇಳುತ್ತಾರೋ ಅದು ಕೀವರ್ಡ್‌ಗೆ ಹತ್ತಿರ. 'ಎಣ್ಣೆ' ಅಂತ ಒಂದೇ ಮಾತು ಹೇಳಿ ಯಾರೂ ಸುಮ್ಮನೆ ನಿಲ್ಲುವುದಿಲ್ಲ. 'ಗಾಣದ್ದೇನಾ? ಶೇಂಗಾದ್ದು ಐದು ಲೀಟರ್ ಎಷ್ಟು? ಮನೆಗೆ ಕಳಿಸ್ತೀರಾ?' ಅನ್ನುತ್ತಾರೆ. ಒಂದು ವಾರ ಗಾಣದ ಪಕ್ಕ ನೋಟ್‌ಬುಕ್ ಇಟ್ಟು ಬಂದವರ ಮಾತನ್ನು ಇದ್ದ ಹಾಗೇ ಬರೆದುಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ ವಿಚಾರಣೆಗಳನ್ನೂ ತೆಗೆದು ಓದಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಇದ್ದರೆ, ಯಾವ ಪದ ಹುಡುಕಿ ಜನ ನಿಮ್ಮ ಅಂಗಡಿಯನ್ನು ಕಂಡರು ಎಂಬುದನ್ನು ಅದು ಪುಕ್ಕಟೆ ತೋರಿಸುತ್ತದೆ. ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆಂದು ಅಂದಾಜು ಕೊಡುವ ಗೂಗಲ್‌ನ ಕೀವರ್ಡ್ ಪ್ಲಾನರ್ ತೆರೆಯುವ ಮೊದಲು ಈ ಕೆಲಸ ಮುಗಿದಿರಲಿ.

ಕನ್ನಡದಲ್ಲಿ ವ್ಯಾಪಾರ ಮಾಡುವವರು ಇಲ್ಲಿ ಇನ್ನೊಂದು ವಿಷಯ ನೋಡಬೇಕು, ಇದನ್ನು ಇಂಗ್ಲಿಷ್ ಪಾಠಗಳು ಹೇಳಿಕೊಡುವುದಿಲ್ಲ. ನಿಮ್ಮ ಕಡೆ ಶೇಂಗಾ. ಮೈಸೂರು, ಮಂಡ್ಯ, ಹಾಸನದವರಿಗೆ ಅದು ಕಡಲೆಕಾಯಿ. ಕರಾವಳಿಯವರು ನೆಲಗಡಲೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ಈ ಮೂವರೂ ಇದ್ದಾರೆ. ನೀವು ಹಾಕಿದ್ದು ಶೇಂಗಾ ಮಾತ್ರ, 'ಕಡಲೆಕಾಯಿ ಎಣ್ಣೆ' ನಿಮ್ಮ 40ರಲ್ಲಿ ಇಲ್ಲವೇ ಇಲ್ಲ! ನೀವು ಮಾಲು ಕಳಿಸಬೇಕೆಂದಿರುವ ಊರಿನ ಬಹಳಷ್ಟು ಕನ್ನಡಿಗರ ಮಾತೇ ಬಿಟ್ಟುಹೋಗಿದೆ. ಹಾಗೇ ಕುಸುಬೆಗೆ ಉತ್ತರ ಕರ್ನಾಟಕದವರು ಕುಸುಬಿ ಎನ್ನುತ್ತಾರೆ, ಹುಚ್ಚೆಳ್ಳಿಗೆ ಗುರೆಳ್ಳು. ಕೊಬ್ಬರಿ ಎಣ್ಣೆ ಕರಾವಳಿಯಲ್ಲಿ ತೆಂಗಿನೆಣ್ಣೆ. ಬೆಂಗಳೂರಿನ ತಮಿಳರು ಗಾಣಕ್ಕೆ ಚೆಕ್ಕು ಎನ್ನುತ್ತಾರೆ, ತೆಲುಗರು ಗಾನುಗ, ಹಿಂದಿಯವರು ಘಾನಿ. ಮೇಲೆ ಇನ್ನೊಂದು ತೊಡಕು: ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ಬಹಳ. 'ಎಣ್ಣೆ'ಯನ್ನು ಅವರು ಇ-ಯಿಂದಲೂ ಶುರುಮಾಡುತ್ತಾರೆ, ವೈ-ಯಿಂದಲೂ ಶುರುಮಾಡುತ್ತಾರೆ. ಕಾಗುಣಿತದ ವ್ಯತ್ಯಾಸವನ್ನು ಗೂಗಲ್ ತಾನೇ ಹೊಂದಿಸಿಕೊಳ್ಳುತ್ತದೆ ಎಂಬುದು ಇಂಗ್ಲಿಷ್‌ಗೆ ಬಹುಮಟ್ಟಿಗೆ ನಿಜ. ಕನ್ನಡಕ್ಕೆ ಅದನ್ನೇ ನಂಬಿ ಕೂರಬೇಡಿ, ಮುಖ್ಯವಾದ ಎರಡು ಮೂರು ರೂಪಗಳನ್ನು ನೀವೇ ಸೇರಿಸಿ.

ನನ್ನ ಅನುಭವದ ಒಂದು ಮಾತು. ಕೆಲವು ವರ್ಷದ ಹಿಂದೆ ಹುಬ್ಬಳ್ಳಿ ಕಡೆಯ ಸ್ವಸಹಾಯ ಸಂಘವೊಂದರ ಹೆಣ್ಣುಮಕ್ಕಳಿಗೆ ಜಾಹೀರಾತು ಮಾಡಿಕೊಟ್ಟೆ. ರೊಟ್ಟಿ ಮಾರುತ್ತಿದ್ದರು. 'ಜೋಳದ ರೊಟ್ಟಿ' ಎಂದು ಕೀವರ್ಡ್ ಹಾಕಿದೆ. ಬಂದವರೆಲ್ಲ 'ಜೋಳದ ರೊಟ್ಟಿ ಮಾಡುವ ವಿಧಾನ' ಹುಡುಕಿದವರು. ಎರಡು ವಾರ ಆದ ಮೇಲೆ ಸಂಘದ ಹಿರಿಯಾಕೆ ಒಬ್ಬರು ಫೋನ್‌ನಲ್ಲಿ, 'ಸರ, ಮೆತ್ತಗಿನ ರೊಟ್ಟಿ ಯಾರರ ಪಾರ್ಸಲ್ ತರಸ್ತಾರೇನ್ರೀ? ಬೆಂಗಳೂರಾಗಿನ ಮಂದಿ ಕೇಳೂದು ಕಡಕ್ ರೊಟ್ಟಿ' ಅಂದರು. 'ಕಡಕ್ ರೊಟ್ಟಿ' ಹಾಕಿದ ದಿನದಿಂದ ಆರ್ಡರ್ ಶುರುವಾಯಿತು. ಆ ಪದ ಮೊದಲ ದಿನದಿಂದ ಅವರ ಬಾಯಲ್ಲೇ ಇತ್ತು, ನಾನು ಕೇಳಿರಲಿಲ್ಲ. ಅಂದಿನಿಂದ ಯಾವ ಖಾತೆ ಕೈಗೆ ಬಂದರೂ ಕಂಪ್ಯೂಟರ್ ತೆಗೆಯುವ ಮೊದಲು ಮಾಲು ಮಾಡುವವರ ಜೊತೆ, ಕೊಳ್ಳುವವರ ಜೊತೆ ಮಾತಾಡುತ್ತೇನೆ.

ಪದ ಸಿಕ್ಕ ಮೇಲೆ ಅದನ್ನು ಹಾಕುವ ರೀತಿ. ನಿಮ್ಮ 40 ಕೀವರ್ಡ್‌ಗಳೂ ಬ್ರಾಡ್ ಮ್ಯಾಚ್‌ನಲ್ಲಿವೆ, ಏಕೆಂದರೆ ಚಿಹ್ನೆಯಿಲ್ಲದೆ ಬರೆದದ್ದನ್ನು ಗೂಗಲ್ ಬ್ರಾಡ್ ಎಂದೇ ತೆಗೆದುಕೊಳ್ಳುತ್ತದೆ. ಆ ಪದಕ್ಕೆ ಸಂಬಂಧವಿದೆ ಎಂದು ತನಗೆ ತೋರಿದ ಯಾವ ಹುಡುಕಾಟಕ್ಕೂ ಆಗ ಜಾಹೀರಾತು ತೋರಿಸುತ್ತದೆ. ಪದವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದರೆ ಫ್ರೇಸ್ ಮ್ಯಾಚ್: ಆ ಮಾತಿನ ಅರ್ಥ ಒಳಗೊಂಡ ಹುಡುಕಾಟಗಳಿಗೆ, ಹಿಂದೆ ಮುಂದೆ ಬೇರೆ ಪದಗಳಿದ್ದರೂ. ಚೌಕ ಆವರಣದೊಳಗೆ, [ಗಾಣದ ಶೇಂಗಾ ಎಣ್ಣೆ] ಎಂದು ಬರೆದರೆ ಎಕ್ಸಾಕ್ಟ್ ಮ್ಯಾಚ್. ಹೆಸರಿಗೆ ಎಕ್ಸಾಕ್ಟ್ ಆದರೂ 2018ರಿಂದ ಅದೇ ಅರ್ಥದ ಬೇರೆ ಮಾತಿಗೂ ಅದು ಜಾಹೀರಾತು ತೋರಿಸುತ್ತದೆ. ಯೂಟ್ಯೂಬ್‌ನ ಹಳೆಯ ಪಾಠಗಳಲ್ಲಿ ಪದದ ಮೊದಲಿಗೆ ಪ್ಲಸ್ ಗುರುತು ಹಾಕಲು ಹೇಳುವುದನ್ನು ನೋಡಿರುತ್ತೀರಿ. ಆ ಪದ್ಧತಿಯನ್ನು ಗೂಗಲ್ 2021ರಲ್ಲೇ ನಿಲ್ಲಿಸಿದೆ, ಅದರ ಗೊಡವೆ ಬೇಡ. ಹೊಸಬರಿಗೆ, ದಿನಕ್ಕೆ ಇನ್ನೂರು ಮುನ್ನೂರು ಖರ್ಚು ಮಾಡುವವರಿಗೆ ನನ್ನ ಸಲಹೆ ಫ್ರೇಸ್ ಮತ್ತು ಎಕ್ಸಾಕ್ಟ್ ಎರಡೇ. ಗೂಗಲ್ ಕಡೆಯವರು ಫೋನ್ ಮಾಡಿ ಬ್ರಾಡ್‌ಗೆ ಬದಲಿಸಿ ಎನ್ನಬಹುದು. ತಿಂಗಳಿಗೆ ನೂರಾರು ಆರ್ಡರ್ ಬಂದು, ಯಾರು ಕೊಳ್ಳುತ್ತಾರೆಂಬ ಮಾಹಿತಿ ಖಾತೆಯಲ್ಲಿ ತುಂಬಿದ ಮೇಲೆ ಅದು ಕೆಲಸ ಮಾಡಬಹುದು. ನಾಲ್ಕು ಆರ್ಡರ್‌ನ ಖಾತೆಗೆ ಅದು ತೂತಿನ ಡಬ್ಬ.

ಇನ್ನು ನೆಗೆಟಿವ್ ಕೀವರ್ಡ್, ಅಂದರೆ 'ಈ ಪದ ಇದ್ದರೆ ನನ್ನ ಜಾಹೀರಾತು ಬೇಡ' ಎಂದು ಮೊದಲೇ ಹೇಳುವುದು. ನೀವು ಒಂದನ್ನೂ ಹಾಕಿಲ್ಲ. ನನ್ನ ಮಟ್ಟಿಗೆ ಸಣ್ಣ ಖಾತೆಯಲ್ಲಿ ದುಡ್ಡು ಉಳಿಯುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಪಟ್ಟಿ ನೋಡಿದರೆ ಮಷೀನ್, ಯಂತ್ರ, ಬೆನಿಫಿಟ್ಸ್, ಉಪಯೋಗ, ಮಾಡುವ ವಿಧಾನ, ಕೂದಲು, ಮಸಾಜ್, ದೀಪದ ಎಣ್ಣೆ, ಜ್ಯೂಸ್, ಸಾಂಗ್, ಪಾರ್ಟಿ, ಎಂಜಿನ್, ಜಾಬ್, ಎಪಿಎಂಸಿ, ಧಾರಣೆ ಎಲ್ಲ ಇಂದೇ ಹೋಗಬೇಕು. ಒಂದು ಎಚ್ಚರಿಕೆ: ನೆಗೆಟಿವ್‌ಗಳು ಸಮಾನಾರ್ಥಕ ಪದವನ್ನು ಹಿಡಿಯುವುದಿಲ್ಲ. 'ಮಷೀನ್' ತಡೆದರೆ 'ಯಂತ್ರ' ತಡೆದಂತಾಗುವುದಿಲ್ಲ, ಏಕವಚನ ತಡೆದರೆ ಬಹುವಚನ ನಿಲ್ಲುವುದಿಲ್ಲ. ಕನ್ನಡ ಅಕ್ಷರದಲ್ಲೂ ಹಾಕಿ, ಇಂಗ್ಲಿಷ್ ಅಕ್ಷರದಲ್ಲೂ ಹಾಕಿ.

ಎರಡನೇ ಎಚ್ಚರಿಕೆ ಇನ್ನೂ ಮುಖ್ಯ. ಧಾರಣೆ ನೋಡುವ ರೈತರನ್ನು ತಪ್ಪಿಸಲು 'ಬೆಲೆ' ಎಂಬ ಪದವನ್ನೇ ನೆಗೆಟಿವ್ ಮಾಡಬೇಡಿ. 'ಶೇಂಗಾ ಎಣ್ಣೆ 5 ಲೀಟರ್ ಬೆಲೆ' ಎನ್ನುವವರು ಪರ್ಸ್ ತೆಗೆದು ನಿಂತ ಗಿರಾಕಿ. 'ಶೇಂಗಾ ಬೆಲೆ' ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ, ಫ್ರೇಸ್ ನೆಗೆಟಿವ್ ಆಗಿ ಹಾಕಿ. ಆಗ ಆ ಎರಡು ಪದ ಅದೇ ಕ್ರಮದಲ್ಲಿ ಒತ್ತಟ್ಟಿಗೆ ಬಂದಾಗ ಮಾತ್ರ ತಡೆಯುತ್ತದೆ. ನಡುವೆ 'ಎಣ್ಣೆ' ಬಂದರೆ ತಡೆಯುವುದಿಲ್ಲ. ಚಿಹ್ನೆಯಿಲ್ಲದೆ ಹಾಕಿದರೆ ಎರಡು ಪದ ಎಲ್ಲಿದ್ದರೂ ತಡೆದು ನಿಮ್ಮ ಗಿರಾಕಿಯನ್ನೂ ಓಡಿಸುತ್ತದೆ. 'ಶೇಂಗಾ ರೇಟ್', 'ಕಡಲೆಕಾಯಿ ರೇಟ್' ಕೂಡ ಹೀಗೇ.

ಈಗ ದುಡ್ಡಿನ ಲೆಕ್ಕ. ನೀವು ಬಿ.ಕಾಂ. ಓದಿದವರು, ಇದು ನಿಮಗೆ ಸಲೀಸು. ಒಂದು ಕ್ಲಿಕ್‌ಗೆ ನೀವು ಕೊಟ್ಟದ್ದು ಸರಾಸರಿ 9 ರೂಪಾಯಿ 38 ಪೈಸೆ. ಶೇ. 18 ಜಿಎಸ್‌ಟಿ ಸೇರಿಸಿದರೆ 11 ರೂಪಾಯಿ. ಜಿಎಸ್‌ಟಿ ನೋಂದಣಿ ಇದ್ದು, ಸಣ್ಣ ವ್ಯಾಪಾರಿಗಳ ಸರಳ ತೆರಿಗೆಯಾದ ಕಾಂಪೊಸಿಷನ್‌ನಲ್ಲಿ ಇಲ್ಲದಿದ್ದರೆ ಖಾತೆಗೆ ನಿಮ್ಮ ನಂಬರ್ ಸೇರಿಸಿ, ಆ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಕ್ಯಾನ್‌ಗೆ ಉಳಿಯುವುದು 250. ನೂರು ಕ್ಲಿಕ್‌ಗೆ ಮೂರು ಜನ ಕೊಂಡರೆ 750, ಅಂದರೆ ಕ್ಲಿಕ್ಕಿಗೆ ಏಳೂವರೆ ರೂಪಾಯಿಯವರೆಗೆ ಕೊಟ್ಟರೂ ಕೈ ಸುಡುವುದಿಲ್ಲ. ನಿಮಗೆ ಆಗಿರುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆ ಲೆಕ್ಕದಲ್ಲಿ ಕ್ಲಿಕ್ಕಿಗೆ ಒಂದೂವರೆ ರೂಪಾಯಿ ಮೀರಿದ್ದೆಲ್ಲ ನಷ್ಟ. ಹೀಗೆ ಪ್ರತಿ ಕೀವರ್ಡ್‌ಗೂ ಒಂದು ಮಿತಿ ಬರೆದಿಟ್ಟುಕೊಳ್ಳಿ.

ಆದರೆ ಎಣ್ಣೆ ಸೀರೆಯ ಹಾಗಲ್ಲ, ಮುಗಿದ ಮೇಲೆ ಮತ್ತೆ ಬೇಕು. ಊರಿನ ಹಳೇ ಗಿರಾಕಿಗಳ ಪುಸ್ತಕ ತೆಗೆದು, ಒಂದು ಮನೆಯವರು ವರ್ಷಕ್ಕೆ ಎಷ್ಟು ಸಲ ಕೊಳ್ಳುತ್ತಾರೆ ನೋಡಿ. ಸರಾಸರಿ ನಾಲ್ಕು ಕ್ಯಾನ್ ಎಂದಾದರೆ ಒಬ್ಬ ಗಿರಾಕಿಯಿಂದ ವರ್ಷಕ್ಕೆ ಉಳಿಯುವುದು ಸಾವಿರ. ಆಗ ಮೊದಲ ಆರ್ಡರ್‌ಗೆ 300 ಖರ್ಚು ಮಾಡಿ 50 ಕಳೆದುಕೊಂಡರೂ ವ್ಯಾಪಾರ ಸರಿಯಿದೆ. ಈ ಆಟ ಆಡಲು ಕೈಯಲ್ಲಿ ಬಂಡವಾಳ ಬೇಕು, ಮೊದಲ ಕ್ಯಾನ್ ತೆಗೆದುಕೊಂಡವರಿಗೆ ಮರುತಿಂಗಳು ವಾಟ್ಸಾಪ್ ಮಾಡುವ ಶಿಸ್ತೂ ಬೇಕು. ಮೊದಲ ಎರಡು ತಿಂಗಳು ಒಂದೇ ಕ್ಯಾನ್‌ನ ಲೆಕ್ಕದಲ್ಲೇ ಇರಿ.

ಕೀವರ್ಡ್ ಪ್ಲಾನರ್ ಈಗ ತೆಗೆಯಬಹುದು. ಸ್ಥಳವನ್ನು ಬೆಂಗಳೂರಿಗೆ ಇಟ್ಟುಕೊಂಡು ನೋಟ್‌ಬುಕ್‌ನ ಪದಗಳನ್ನು ಹಾಕಿ. ಕಡಿಮೆ ಖರ್ಚಿನ ಖಾತೆಗೆ ಅದು '100ರಿಂದ 1,000', '1,000ದಿಂದ 10,000' ಎಂಬ ಅಗಲವಾದ ಅಂದಾಜನ್ನಷ್ಟೇ ಕೊಡುತ್ತದೆ. ದೊಡ್ಡ ಸಂಖ್ಯೆ ಕಂಡು ಮನಸ್ಸು ಸೋಲಬೇಡಿ. 'ಗ್ರೌಂಡ್‌ನಟ್ ಆಯಿಲ್' ಹುಡುಕುವವರು ಹೆಚ್ಚು. ಅವರಲ್ಲಿ ಬಹುಪಾಲು ಸೂಪರ್‌ಮಾರ್ಕೆಟ್‌ನ ಪ್ಯಾಕೆಟ್ ಎಣ್ಣೆಯ ದರ ನೋಡುವವರು, ಲೀಟರಿಗೆ 350 ಕಂಡೊಡನೆ ಹಿಂದಿರುಗುತ್ತಾರೆ. 'ಗಾಣ', 'ವುಡ್ ಪ್ರೆಸ್ಡ್', 'ಚೆಕ್ಕು' ಇವುಗಳಲ್ಲಿ ಯಾವುದಾದರೂ ಒಂದು ಪದ ಇರುವ ಮಾತನ್ನೇ ಆರಿಸಿ. ಆ ಪದ ಬಳಸುವವರಿಗೆ ದರ ಯಾಕೆ ಹೆಚ್ಚೆಂದು ನೀವು ವಿವರಿಸಬೇಕಾಗಿಲ್ಲ. 'ಶೇಂಗಾ' ಹೆಚ್ಚೋ 'ಕಡಲೆಕಾಯಿ' ಹೆಚ್ಚೋ ಎಂಬ ಅನುಮಾನವಿದ್ದರೆ ಗೂಗಲ್ ಟ್ರೆಂಡ್ಸ್‌ನಲ್ಲಿ ಎರಡನ್ನೂ ಹಾಕಿ ಕರ್ನಾಟಕಕ್ಕೆ ಸೀಮಿತಗೊಳಿಸಿ ನೋಡಿ.

40 ಬೇಡ, ಹನ್ನೆರಡು ಸಾಕು. ದಿನಕ್ಕೆ 200 ರೂಪಾಯಿಗೆ ಇಪ್ಪತ್ತು ಕ್ಲಿಕ್ ಬರುವಾಗ 40 ಕೀವರ್ಡ್‌ಗೆ ಹಂಚಿದರೆ ಯಾವುದು ಒಳ್ಳೆಯದು ಎಂದು ವರ್ಷವಾದರೂ ತಿಳಿಯುವುದಿಲ್ಲ. ಶೇಂಗಾ ಎಣ್ಣೆಗೆ ಒಂದು ಆ್ಯಡ್ ಗ್ರೂಪ್ (ಕೀವರ್ಡ್ ಮತ್ತು ಜಾಹೀರಾತುಗಳ ಗುಂಪು), ಕೊಬ್ಬರಿ ಎಣ್ಣೆಗೆ ಒಂದು. ಶೇಂಗಾ ಹುಡುಕಿದವರು ಒತ್ತಿದಾಗ ಶೇಂಗಾ ಎಣ್ಣೆಯ ಪುಟವೇ ತೆರೆಯಬೇಕು, ದರ, ಲೀಟರ್, ಎಷ್ಟು ದಿನಕ್ಕೆ ತಲುಪುತ್ತದೆ ಎಂಬುದು ಮೊದಲ ಪರದೆಯಲ್ಲೇ ಕಾಣಬೇಕು. ನಿಮ್ಮದು ಈಗ ಗಾಣದ ಇತಿಹಾಸ ಹೇಳುವ ಮುಖಪುಟಕ್ಕೆ ಹೋಗುತ್ತಿದೆ. ಇದು ಕ್ಲಿಕ್ಕಿನ ದರಕ್ಕೂ ಸಂಬಂಧಿಸಿದ್ದು. 1998ರಲ್ಲಿ ಬಿಲ್ ಗ್ರಾಸ್ ಅವರ ಗೋಟು ಡಾಟ್ ಕಾಮ್ ಎಂಬ ಸರ್ಚ್ ಎಂಜಿನ್ ಹುಡುಕಾಟದ ಪದಗಳನ್ನು ಹರಾಜಿಗಿಟ್ಟಾಗ ಹೆಚ್ಚು ಕೂಗಿದವರಿಗೆ ಮೇಲಿನ ಜಾಗ. ಗೂಗಲ್ 2002ರಲ್ಲಿ ಆ ಹರಾಜಿಗೆ, ಜನ ನಿಜವಾಗಿ ಒತ್ತುತ್ತಾರೆಯೇ ಎಂಬ ತೂಕವನ್ನೂ ಸೇರಿಸಿತು. ಇವತ್ತಿಗೂ ಬಿಡ್ (ಕ್ಲಿಕ್ಕಿಗೆ ನೀವು ಕೂಗುವ ದರ) ಜೊತೆಗೆ, ಜಾಹೀರಾತು ಹುಡುಕಾಟಕ್ಕೆ ಹೊಂದುತ್ತದೆಯೇ, ಪುಟ ಸರಿಯಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೀವರ್ಡ್ ಪಕ್ಕದ ಕ್ವಾಲಿಟಿ ಸ್ಕೋರ್ 10ಕ್ಕೆ ಎಷ್ಟು ಎಂದು ನೋಡಿ. 'ಎಣ್ಣೆ' ಪದಕ್ಕೆ ನಿಮ್ಮದು 2 ಇದೆ. ಸಣ್ಣವರು ದೊಡ್ಡವರ ಪಕ್ಕ ಕಡಿಮೆ ದುಡ್ಡಿಗೆ ನಿಲ್ಲುವ ದಾರಿ ಇದೊಂದೇ.

ಸೆಟ್ಟಿಂಗ್ಸ್‌ನಲ್ಲಿ ಮೂರು ಕಡೆ ಕೈಯಾಡಿಸಿ. ಬೇರೆ ವೆಬ್‌ಸೈಟ್, ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕ್ ಮತ್ತು ಗೂಗಲ್ ಅಲ್ಲದ ಹುಡುಕಾಟದ ತಾಣಗಳಲ್ಲಿ ತೋರಿಸುವ ಸರ್ಚ್ ಪಾರ್ಟ್‌ನರ್ಸ್ ಟಿಕ್ ತೆಗೆಯಿರಿ. ಸ್ಥಳದ ಆಯ್ಕೆಯಲ್ಲಿ 'ಪ್ರೆಸೆನ್ಸ್' ಮಾತ್ರ ಇರಲಿ, ಇಲ್ಲವಾದರೆ ಬೆಂಗಳೂರಿನ ಬಗ್ಗೆ ಆಸಕ್ತಿಯಿರುವ ಬೇರೆ ಊರಿನವರಿಗೂ ಹೋಗುತ್ತದೆ. ಭಾಷೆಯ ಆಯ್ಕೆ ನಿಮ್ಮ ಖಾತೆಯಲ್ಲಿ ಇದ್ದರೆ ಕನ್ನಡ, ಇಂಗ್ಲಿಷ್ ಎರಡನ್ನೂ ಇಡಿ, ಏಕೆಂದರೆ ಕನ್ನಡದಲ್ಲಿ ಹುಡುಕುವವರ ಫೋನೂ ಬಹಳ ಸಲ ಇಂಗ್ಲಿಷ್‌ನಲ್ಲಿರುತ್ತದೆ. ಒಂದೊಂದು ದಿನ ನಿಗದಿ ಮಾಡಿದ್ದರ ಎರಡು ಪಟ್ಟು ಖರ್ಚಾದರೆ ಗಾಬರಿ ಬೇಡ, ತಿಂಗಳಿಗೆ ದಿನದ ಮೊತ್ತದ 30.4 ಪಟ್ಟು ಮೀರುವುದಿಲ್ಲ. ನಿಮ್ಮ ಜಾಹೀರಾತು ಬರುತ್ತಿದೆಯೇ ಎಂದು ನೀವೇ ದಿನಾ ಗೂಗಲ್ ಮಾಡಿ ನೋಡುವುದನ್ನೂ ಬಿಡಿ, ಅದಕ್ಕೆ ಖಾತೆಯೊಳಗೇ ಆ್ಯಡ್ ಪ್ರಿವ್ಯೂ ಇದೆ.

ಒಂದು ಕೀವರ್ಡ್‌ಗೆ ಎಷ್ಟು ಸಮಯ ಕೊಡಬೇಕು? ನೂರಕ್ಕೆ ಮೂರು ಕೊಳ್ಳುವ ಒಳ್ಳೇ ಕೀವರ್ಡ್‌ನಲ್ಲೂ ಮೊದಲ 30 ಕ್ಲಿಕ್‌ಗೆ ಒಂದೂ ಆರ್ಡರ್ ಬಾರದಿರುವ ಸಾಧ್ಯತೆ ಶೇ. 40 ಇದೆ. ನೂರು ಕ್ಲಿಕ್ ಆದರೂ ಬರಲಿಲ್ಲವೆಂದರೆ ಆ ಸಾಧ್ಯತೆ ಶೇ. 5ಕ್ಕೆ ಇಳಿಯುತ್ತದೆ, ಆಗ ನಿಲ್ಲಿಸಿ. ಹುಡುಕಿದ ಮಾತೇ ಸಂಬಂಧವಿಲ್ಲದ್ದಾದರೆ ಒಂದು ಕ್ಲಿಕ್‌ಗೂ ಕಾಯಬೇಡಿ. ಸರ್ಚ್ ಟರ್ಮ್ಸ್ ಪಟ್ಟಿಯನ್ನು ಮೊದಲ ಎರಡು ವಾರ ದಿನಾ ಬೆಳಗ್ಗೆ ಓದಿ. 2020ರ ಸೆಪ್ಟೆಂಬರ್‌ನಿಂದ ಗೂಗಲ್ ಕೆಲವೇ ಜನ ಹುಡುಕಿದ ಮಾತುಗಳನ್ನು ಅದರಲ್ಲಿ ತೋರಿಸುತ್ತಿಲ್ಲ, ಆದ್ದರಿಂದ ಕಂಡಷ್ಟನ್ನಾದರೂ ಬಿಡದೆ ಓದಬೇಕು. ನಿಮ್ಮ ಆರ್ಡರ್ ಬಹಳಷ್ಟು ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಬರುವುದರಿಂದ ಆ ಬಟನ್ ಒತ್ತಿದ್ದನ್ನೂ ಕನ್ವರ್ಶನ್ (ಕ್ಲಿಕ್‌ನಿಂದ ಬಂದ ಫಲ) ಎಂದು ಎಣಿಸುವಂತೆ ವೆಬ್‌ಸೈಟ್ ಮಾಡಿಕೊಟ್ಟವರಿಗೆ ಹೇಳಿ.

ಬೇರೆ ಕಂಪನಿಯ ಹೆಸರಿನ ವಿಚಾರ. ಕೀವರ್ಡ್ ಆಗಿ ಬಳಸುವುದನ್ನು ಗೂಗಲ್ ತಡೆಯುವುದಿಲ್ಲ. 2023ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್, ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಕೀವರ್ಡ್ ಮಾಡಿದ ಮಾತ್ರಕ್ಕೆ ಉಲ್ಲಂಘನೆಯಾಗದು, ಗ್ರಾಹಕರಿಗೆ ಗೊಂದಲ ಹುಟ್ಟಿಸಿದರೆ ಮಾತ್ರ ಆಗುತ್ತದೆ ಎಂಬರ್ಥದ ತೀರ್ಪು ಕೊಟ್ಟಿದೆ. ಆದರೂ ನಿಮಗೆ ಬೇಡ ಎನ್ನುತ್ತೇನೆ. ಆ ಹೆಸರು ಟೈಪ್ ಮಾಡಿದವರು ಅದನ್ನೇ ಕೊಳ್ಳಲು ಬಂದವರು. ನಿಮ್ಮ ಪುಟ ಅವರಿಗೆ ಹೊಂದುವುದಿಲ್ಲ, ಕ್ವಾಲಿಟಿ ಸ್ಕೋರ್ ಬೀಳುತ್ತದೆ, ಕ್ಲಿಕ್ ತುಟ್ಟಿಯಾಗುತ್ತದೆ. ಆ ದುಡ್ಡಿಗೆ 'ಕಡಲೆಕಾಯಿ ಎಣ್ಣೆ ಗಾಣದ್ದು' ಎಂದು ಹುಡುಕುವ, ಬೆಂಗಳೂರಿನಲ್ಲಿರುವ ಮೈಸೂರಿನವರು ನಿಮ್ಮ ಕಡೆ ಬರುತ್ತಾರೆ.

ಕೊನೆಗೆ ಹುಚ್ಚೆಳ್ಳೆಣ್ಣೆ. ಅದಕ್ಕೆ ಹಾಕಿದ ಕೀವರ್ಡ್ ಮುಂದೆ 'ಲೋ ಸರ್ಚ್ ವಾಲ್ಯೂಮ್' ಎಂದು ಬಂದಿದೆಯಲ್ಲ, ಹುಡುಕುವವರು ತೀರಾ ಕಡಿಮೆ ಎಂದರ್ಥ, ಜಾಹೀರಾತೇ ಓಡುವುದಿಲ್ಲ. ಅದನ್ನು ಗೂಗಲ್‌ನಿಂದ ತೆಗೆದುಬಿಡಿ. ಶೇಂಗಾ ಎಣ್ಣೆಯ ಪ್ರತಿ ಪಾರ್ಸಲ್‌ನಲ್ಲಿ 100 ಮಿಲಿ ಹುಚ್ಚೆಳ್ಳೆಣ್ಣೆಯ ಸಣ್ಣ ಬಾಟಲಿ ಇಟ್ಟು, ಬೆಲೆ ಮತ್ತು ನಿಮ್ಮ ವಾಟ್ಸಾಪ್ ನಂಬರ್ ಬರೆದ ಚೀಟಿ ಅಂಟಿಸಿ. ಗುರೆಳ್ಳು ಚಟ್ನಿಪುಡಿ ತಿಂದು ಬೆಳೆದವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಚೀಟಿಯಲ್ಲಿ 'ಗುರೆಳ್ಳು' ಎಂದೂ ಬರೆಯುವುದನ್ನು ಮರೆಯಬೇಡಿ.